ಸೈಲೆನ್ಸರ್ ಬಿಚ್ಚಿದ್ರ ಗಾಡಿ ಜೋರಾಗಲ್ಲ, ಬರೀ ಸಪ್ಪಳ ಜೋರಾಗ್ತದ

ಭಾಗ 1/8

ದೋಸ್ತರೇ, ಎರಡು ಫೋಟೋ ಹಾಕೀನಿ. ಎರಡೂ ನನ್ನವೇ ಗಾಡಿ. 150 ಸಿಸಿ, ಕೆಎ 56 ನಂಬರು. ಮೊದಲನೇದು ಹೋದ ವರ್ಷದ್ದು, ಉದ್ದಕ್ಕ ಹೊಳೆಯೋ ಪೈಪ್ ಹಾಕಿಸಿದ ದಿನದ್ದು. ಆ ಫೋಟೋಕ್ಕ ನೀವೇ ಬೆಂಕಿ ಎಮೋಜಿ ಹಾಕಿದ್ರಿ. ಎರಡನೇದು ಈ ವಾರದ್ದು. ಕಂಪನಿಯ ಕಪ್ಪು ಸೈಲೆನ್ಸರ್ ವಾಪಸ್ ಬಂದದ.

ನಿನ್ನೆಯಿಂದ ಡಿಎಂ ಬರ್ಲಿಕತ್ತಾವ. "ಯಾಕಲೇ, ಪೊಲೀಸರಿಗೆ ಹೆದರಿದ್ಯಾ?" "ಅಪ್ಪ ಬೈದನೇನು?" ಇಬ್ಬರೂ ಅಲ್ಲ. ಎಂಟು ತಿಂಗಳು ಆ ಪೈಪ್ ಓಡಿಸಿದ ಮ್ಯಾಲೆ ನನಗ ತಿಳಿದದ್ದನ್ನ ಒಂದೊಂದಾಗಿ ಬರೀತೀನಿ. ನನ್ನ ಮಾತು ಇಷ್ಟೇ: ನಮ್ಮಂಥವರ ಗಾಡಿಗೆ ಪೈಪ್ ಬದಲಿಸಿದ್ರ ಪವರ್ ಸಿಗೋದಿಲ್ಲ, ಸಪ್ಪಳ ಸಿಗ್ತದ. ಆ ಸಪ್ಪಳದ ಬಿಲ್ ನಾವು ಕಟ್ಟಲ್ಲ, ಓಣಿ ಮಂದಿ ಕಟ್ತಾರ.

ಸಿಟ್ಟು ಬಂದ್ರ ಬರ್ಲಿ. ಪೂರ್ತಿ ಓದಿ ಬೈರಿ.

ಭಾಗ 2/8: ಒಳಗ ಏನದ?

"ಸೈಲೆನ್ಸರ್ ಗಾಡಿ ಉಸಿರು ಕಟ್ಟಿಸ್ತದ, ಬಿಚ್ಚಿದ್ರ ಗಾಡಿ ಬಿಡುವಾಗಿ ಓಡ್ತದ" ಅಂತ ಮೆಕ್ಯಾನಿಕ್ ಅಂಗಡಿ ಮುಂದ ಎಲ್ಲಾರೂ ಹೇಳ್ತಾರ. ನಾನೂ ನಂಬಿದ್ದೆ.

ಖರೆ ಏನಂದ್ರ, ನಮ್ಮ ಸಿಂಗಲ್ ಸಿಲಿಂಡರ್ ಗಾಡಿ 3,000 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ 25 ಸಲ ಉರೀತದ. ಒಂದೊಂದು ಸಲನೂ ವಾಲ್ವ್ ತೆರೆದಾಗ ಬಿಸಿ ಹೊಗೆ ಗುಂಡು ಹೊಡೆದಂಗ ಹೊರಗ ಬರ್ತದ. ಸೈಲೆನ್ಸರ್ ಒಳಗ ಗೋಡೆ, ತೂತಿನ ಕೊಳವೆ, ಖೋಲಿ ಇರ್ತಾವ. ಅಲ್ಲಿ ಶಬ್ದದ ಅಲೆ ಒಂದಕ್ಕೊಂದು ಡಿಕ್ಕಿ ಹೊಡೆದು ಸಾಯ್ತದ. ಕೆಲವಕ್ಕ ಗ್ಲಾಸ್ ವೂಲ್ ಇರ್ತದ, ಅದು ಉಳಿದದ್ದನ್ನ ಕುಡೀತದ.

ಇನ್ನೊಂದು ಕೆಲಸಾನೂ ಅದ. ಪೈಪಿನ ಉದ್ದ, ಅಗಲ ಸರಿಯಿದ್ರ ವಾಪಸ್ ಬರೋ ಅಲೆ ಸುಟ್ಟ ಹೊಗೆಯನ್ನ ಎಳ್ಕೊಂಡು ಹೋಗ್ತದ, ಸಿಲಿಂಡರಿಗೆ ಹೊಸ ಗಾಳಿ ಪೂರ್ತಿ ಬರ್ತದ. ಕಂಪನಿಯ ಎಂಜಿನಿಯರುಗಳು ಆ ಎಂಜಿನಿಗೆ ಅಂತಲೇ ಅಳತೆ ಮಾಡಿ ಕೂಡಿಸಿದ್ದು ಅದು. ಅಳತೆ ಗೊತ್ತಿಲ್ಲದ ದಪ್ಪ ಪೈಪ್ ಹಾಕಿದ್ರ ಕಡಿಮೆ ಆರ್‌ಪಿಎಂನ ಎಳೆತ ಬೀಳ್ತದ. ಹಿಂದ ಇಬ್ಬರನ್ನ ಕೂಡಿಸ್ಕೊಂಡು ಏರು ಹತ್ತುವಾಗ ನಮಗ ಬೇಕಾಗಿದ್ದೇ ಆ ಎಳೆತ.

1 ಏಪ್ರಿಲ್ 2020ರಿಂದ ಬಂದ ಬಿಎಸ್ 6 ಗಾಡಿಗಳಲ್ಲಂತೂ ಪೈಪಿನ ದಾರಿಯಲ್ಲೇ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಇರ್ತಾವ. ಹೊಗೆಯೊಳಗ ಆಕ್ಸಿಜನ್ ಎಷ್ಟದ ನೋಡಿ ಇಸಿಯು ಪೆಟ್ರೋಲ್ ಲೆಕ್ಕ ಹಾಕ್ತದ. ನೀ ಆ ಲೆಕ್ಕದ ಪುಸ್ತಕಾನೇ ಹರಿದು, ಲಾಭ ಬಂತು ಅಂತೀಯಲ್ಲ ದೋಸ್ತ?

ಭಾಗ 3/8: ಬಿಕಾಂ ಹುಡುಗನ ಲೆಕ್ಕ

ದಿನಾ ಡೆಬಿಟ್, ಕ್ರೆಡಿಟ್ ಬರೀತೀವಿ. ಸ್ವಂತ ಪೈಪಿನ ಖಾತೆ ಬರದಿದ್ದೇ ಇಲ್ಲ. ಈಗ ಬರದೀನಿ.

ಪೈಪ್: 2,800
ಫಿಟಿಂಗ್, ವೆಲ್ಡಿಂಗ್: 400
ಹೆಚ್ಚಿನ ಪೆಟ್ರೋಲ್: 3,200
ಕಂಪನಿ ಸೈಲೆನ್ಸರ್, ಸೆಕೆಂಡ್ ಹ್ಯಾಂಡ್: 3,000
ಮತ್ತ ಫಿಟಿಂಗ್: 200
ಒಟ್ಟು: 9,600 ರೂಪಾಯಿ

ಪೆಟ್ರೋಲ್ ಲೆಕ್ಕ ಹ್ಯಾಂಗ ಅಂದ್ರ: ತಿಂಗಳಿಗೆ 960 ಕಿಲೋಮೀಟರ್ ಓಡಿಸ್ತೀನಿ. ಮೊದಲು ಲೀಟರಿಗೆ 48 ಕೊಡ್ತಿತ್ತು, 20 ಲೀಟರ್ ಸಾಕಾಗ್ತಿತ್ತು. ಆಮ್ಯಾಲೆ 40ಕ್ಕ ಬಿತ್ತು, 24 ಲೀಟರ್ ಬೇಕಾಯ್ತು. ಲೀಟರಿಗೆ ನೂರೇ ಹಿಡೀರಿ, ತಿಂಗಳಿಗೆ 400. ಎಂಟು ತಿಂಗಳಿಗೆ 3,200.

ನಿಯತ್ತಿನಿಂದ ಹೇಳ್ತೀನಿ, ಇದೆಲ್ಲಾ ಪೈಪೇ ತಿಂದಿಲ್ಲ, ನನ್ನ ಕೈನೂ ತಿಂದದ. ಸಪ್ಪಳ ಕೇಳೋ ಸಲುವಾಗಿ ಸುಮ್ಮಸುಮ್ಮನೆ ಎಕ್ಸಲೇಟರ್ ತಿರುವ್ತಿದ್ದೆ. ಆದ್ರ ಪೈಪ್ ಮಾಡೋ ಕೆಲಸಾನೇ ಅದು, ಕೈಗೆ ಕೆಟ್ಟ ಚಟ ಹಚ್ಚೋದು.

ಕ್ರೆಡಿಟ್ ಸೈಡ್: ಹಳೇ ಪೈಪ್ ಗುಜರಿಗೆ ಹಾಕಿದ್ದಕ್ಕ 150 ರೂಪಾಯಿ. ಟಾಪ್ ಸ್ಪೀಡ್? ಮೊದಲೆಷ್ಟಿತ್ತೋ ಅಷ್ಟೇ. ಸಪ್ಪಳ ಜಾಸ್ತಿ ಆದ್ದರಿಂದ ವೇಗ ಜಾಸ್ತಿ ಆದಂಗ ಅನಿಸ್ತಿತ್ತು, ಮೀಟರ್ ಮಾತ್ರ ಒಪ್ಪಲಿಲ್ಲ.

ಭಾಗ 4/8: ಪರೀಕ್ಷೆ ಹಾಲ್‌ನಾಗ

ನನ್ನ ಮನಸ್ಸು ತಿರುಗಿದ್ದು ಲೆಕ್ಕದಿಂದ ಅಲ್ಲ. ಕಾಸ್ಟ್ ಅಕೌಂಟಿಂಗ್ ಪೇಪರ್ ದಿನ.

ಕಡೀ ಅರ್ಧ ತಾಸು ಉಳಿದಿತ್ತು. 14 ಮಾರ್ಕಿನ ಪ್ರಾಬ್ಲಮ್, ಎರಡೂ ಕಡೆ ಟೋಟಲ್ ಕೂಡವಲ್ದು. ಆಗ ಹೊರಗ ರೋಡಿನ ಮ್ಯಾಲೆ ಒಬ್ಬ ಬುಲೆಟ್ ತಂದ. ಇಂದೋರಿ ಪೈಪ್. ಗೇಟ್ ಮುಂದ ಬಂದು ಢಮ್ ಅಂತ ಪಟಾಕಿ ಹೊಡೆದ. ತಿರುಗಿಸಿ ಮತ್ತ ಹೊಡೆದ. ಮೂರನೇ ಸಲ ನನ್ನ ಮುಂದಿನ ಬೆಂಚಿನ ಹುಡುಗಿ ಪೆನ್ ಇಟ್ಟು ಎರಡೂ ಕಿವಿ ಮುಚ್ಚಿಕೊಂಡಳು. ನಾ ಹಲ್ಲು ಕಡಿದು, ಅವನಿಗೆ ಬಾಯಿಗೆ ಬಂದಂಗ ಬೈದೆ, ಮನಸ್ಸಿನಾಗ.

ಪೇಪರ್ ಕೊಟ್ಟು ಹೊರಗ ಬಂದೆ. ಪಾರ್ಕಿಂಗ್‌ನಾಗ ನನ್ನ ಗಾಡಿ ನಿಂತಿತ್ತು, ಅಂಥದ್ದೇ ಬಾಯಿ ತೆರಕೊಂಡು. ಬೆಳಿಗ್ಗೆ ಅದೇ ಗೇಟ್ ಮುಂದ ನಾನೂ ಒಂದು ಸಲ ತಿರುವೇ ಒಳಗ ಬಂದಿದ್ದೆ. ಆಗ ಮೊದಲ ಬ್ಯಾಚಿನ ಪರೀಕ್ಷೆ ನಡೆದಿತ್ತು.

ಆವತ್ತು ಚಾಲೂ ಮಾಡ್ಲಿಕ್ಕೆ ನಾಚಿಕೆ ಬಂತು. ಗೇಟ್ ತನಕ ದೂಡ್ಕೊಂಡು ಹೋದೆ.

ಭಾಗ 5/8: ಸಪ್ಪಳಕ್ಕೂ ಅಳತೆ ಅದ

80ರಿಂದ 175 ಸಿಸಿ ಒಳಗಿನ ಹೊಸ ಗಾಡಿ ಕಾರ್ಖಾನೆಯಿಂದ ಹೊರಗ ಬರುವಾಗ 77 ಡೆಸಿಬೆಲ್ ದಾಟಬಾರದು. 175 ಸಿಸಿ ಮ್ಯಾಲಿಂದಕ್ಕ 80. ಇದು ಸರ್ಕಾರದ ಮಿತಿ.

ಡೆಸಿಬೆಲ್ ಲೆಕ್ಕ ಕಿಲೋ ಲೆಕ್ಕದಂಗ ಅಲ್ಲ. 10 ಏರಿದ್ರ ಶಬ್ದದ ಶಕ್ತಿ 10 ಪಟ್ಟು. 20 ಏರಿದ್ರ 100 ಪಟ್ಟು. "ಸ್ವಲ್ಪ ಜಾಸ್ತಿ ಅಷ್ಟೇ ಬ್ರೋ" ಅನ್ನೋ ಮಾತಿಗೆ ಅರ್ಥನೇ ಇಲ್ಲ.

2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಮನೆಗಳಿರೋ ಜಾಗಕ್ಕ ಹಗಲು 55, ರಾತ್ರಿ 45 ಡೆಸಿಬೆಲ್ ಅಂತ ಇಟ್ಟಾರ. ರಾತ್ರಿ ಅಂದ್ರ 10ರಿಂದ ಬೆಳಿಗ್ಗೆ 6. ಆಸ್ಪತ್ರೆ, ಶಾಲೆ ಕಾಲೇಜು, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಮಾಡಬಹುದು, ಅಲ್ಲಿ 50 ಮತ್ತು 40. ಇದು ಒಂದೊಂದು ಗಾಡಿಗೆ ಇಟ್ಟ ಮಿತಿ ಅಲ್ಲ, ಇಡೀ ಜಾಗದ ಒಟ್ಟು ಶಬ್ದದ ಮಿತಿ. ಅಂದ್ರ ಸರಿಯಿದ್ದ ಗಾಡಿನೂ ನಮ್ಮ ಓಣಿಗೆ ಜಾಸ್ತಿನೇ. ಅದರ ಮ್ಯಾಲೆ ಪೈಪ್ ಬ್ಯಾರೆ.

ಊರ ರಾತ್ರಿ ಹೆಂಗಿರ್ತದ ನಿಮಗೂ ಗೊತ್ತದ. ಒಂಬತ್ತಕ್ಕ ಎಲ್ಲಾ ತಣ್ಣಗ. ದೂರದ ಪಂಪ್‌ಸೆಟ್ ಸಪ್ಪಳನೂ ಕೇಳ್ತದ. ಹುಮನಾಬಾದಿನ ಹೈವೇದಾಗ ಲಾರಿ ನಡುವೆ ನಿನ್ನ ಪೈಪ್ ಮುಳುಗಿ ಹೋಗಬಹುದು. ಕೊಹಿನೂರದ ಓಣಿಯೊಳಗ ಅದು ಎಲ್ಲಾರ ಹಾಸಿಗಿ ತನಕ ಬರ್ತದ.

ಭಾಗ 6/8: ಆರ್‌ಸಿ ಯಾರ ಹೆಸರಿಲೆ ಅದ?

ಕೇಂದ್ರ ಮೋಟಾರು ವಾಹನ ನಿಯಮ 1989, ನಿಯಮ 120: ಪ್ರತಿ ಗಾಡಿಗೂ ಶಬ್ದ ಕಡಿಮೆ ಮಾಡೋ ಸೈಲೆನ್ಸರ್ ಇರಲೇಬೇಕು. ಟ್ರ್ಯಾಕ್ಟರಿಗೂ ಸೇರಿ.

ಮೋಟಾರು ವಾಹನ ಕಾಯ್ದೆ 1988, ಕಲಂ 190(2): ಶಬ್ದ, ಹೊಗೆಯ ಮಿತಿ ಮೀರಿದ ಗಾಡಿ ಓಡಿಸಿದ್ರ ಮೊದಲ ಸಲಕ್ಕೇ ಮೂರು ತಿಂಗಳ ತನಕ ಜೈಲು, ಇಲ್ಲ 10,000 ರೂಪಾಯಿ ತನಕ ದಂಡ, ಇಲ್ಲ ಎರಡೂ. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಹೋಗ್ತದ. ರೋಡಿನಾಗ ಚಲನ್ ಕಡಿಮೆ ಹರೀಬಹುದು, ಕಾಯ್ದೆದಾಗ ಬರದದ್ದು ಇದು.

ಕಲಂ 182ಎ(4) ಇನ್ನೂ ಮುಖ್ಯ. ಕಾಯ್ದೆ ಒಪ್ಪದ ಬದಲಾವಣೆ ಮಾಡಿಸಿದ್ರ ಆರು ತಿಂಗಳ ತನಕ ಜೈಲು, ಇಲ್ಲ ಒಂದೊಂದು ಬದಲಾವಣೆಗೂ 5,000 ದಂಡ, ಇಲ್ಲ ಎರಡೂ. ಯಾರಿಗೆ? ಗಾಡಿ ಮಾಲೀಕನಿಗೆ.

ಈಗ ನಿನ್ನ ಆರ್‌ಸಿ ತೆಗೆದು ನೋಡು. ನನ್ನದು ನಮ್ಮಪ್ಪನ ಹೆಸರಿಲೆ ಅದ. ಸೋಯಾ ಮಾರಿದ ರೊಕ್ಕದಾಗ ಡೌನ್ ಪೇಮೆಂಟ್ ಕಟ್ಟಿದ ಮನುಷ್ಯ. ಅಂವ ಒಂದು ದಿನನೂ ಆ ಪೈಪಿನ ಸಪ್ಪಳ ಇಷ್ಟಪಡಲಿಲ್ಲ. ಕೇಸ್ ಆದ್ರ ಸ್ಟೇಷನ್ನಿನಾಗ ಕೈಕಟ್ಟಿ ನಿಲ್ಲಬೇಕಾಗೋದು ಅಂವಗ. ಸ್ಟೈಲ್ ನಂದು, ಹೆಸರು ಅಪ್ಪಂದು. ಇದು ಯಾವ ಗಂಡಸ್ತನ, ನೀವೇ ಹೇಳ್ರಿ.

ಭಾಗ 7/8: ನಿಮ್ಮ ವಾದ, ನನ್ನ ಉತ್ತರ

"ಸಪ್ಪಳ ಇದ್ರ ಮಂದಿ ದಾರಿ ಬಿಡ್ತಾರ, ಸೇಫ್ಟಿ ಬ್ರೋ."
ಪೈಪಿನ ಬಾಯಿ ಹಿಂದಕ್ಕದ. ಅಡ್ಡ ಬರೋದು ಮುಂದಿನವರು. ಮುಂದಿನವರಿಗೆ ಕಾಣಲಿ ಅಂತಲೇ 1 ಏಪ್ರಿಲ್ 2017ರಿಂದ ಹೊಸ ಗಾಡಿಗಳ ಹೆಡ್‌ಲೈಟ್ ಹಗಲೂ ಉರೀತದ. ಹಾರ್ನ್ ಅದ, ಬ್ರೇಕ್ ಅದ. ಸೇಫ್ಟಿ ಬೇಕಂದ್ರ ಪೈಪಿನ ರೊಕ್ಕದಾಗ ಐಎಸ್‌ಐ ಹೆಲ್ಮೆಟ್ ತಗೋ. ಪೈಪ್ ಹಾಕಿಸಿದ ನಮ್ಮ ಗ್ಯಾಂಗಿನಾಗ ಹೆಲ್ಮೆಟ್ ಹಾಕೋರು ಎಷ್ಟು ಮಂದಿ ಇದ್ವಿ? ನಾನೂ ಹಾಕ್ತಿರಲಿಲ್ಲ.

"ರೇಸಿನವರು ಹಾಕ್ತಾರಲ್ಲ?"
ಹಾಕ್ತಾರ. ಪೈಪಿನ ಜೊತೆಗೆ ಪೆಟ್ರೋಲ್ ಮ್ಯಾಪ್ ಬದಲಿಸ್ತಾರ, ಡೈನೋ ಮ್ಯಾಲೆ ಇಟ್ಟು ಪವರ್ ಅಳೀತಾರ. ಓಡಿಸೋದು ಚೆನ್ನೈ ಹತ್ರದ ಇರುಂಗಾಟುಕೋಟೈ ಟ್ರ್ಯಾಕಿನಾಗ, ಕೊಯಮತ್ತೂರಿನ ಕರಿ ಸ್ಪೀಡ್‌ವೇದಾಗ. ಅಲ್ಲಿ ಓಣಿ ಇಲ್ಲ, ತೊಟ್ಟಿಲು ಇಲ್ಲ. ಅದು ಕಲೆ, ನಾ ಮರ್ಯಾದಿ ಕೊಡ್ತೀನಿ. ನಾವು ಮಾಡೋದು ಅದರ ನಕಲು, ಅದೂ ಬರೀ ಸಪ್ಪಳದ ನಕಲು.

"ಡಿಜೆ, ಟ್ರ್ಯಾಕ್ಟರ್ ಟೇಪ್ ಸಪ್ಪಳ ಇಲ್ಲೇನು? ನಮ್ಮ ಪೈಪೇ ಕಣ್ಣಿಗೆ ಬೀಳ್ತದೇನು?"
ಈ ಮಾತಿನಾಗ ಖರೆ ಅದ. ಡಿಜೆನೂ ತಪ್ಪೇ, ಅದರ ಮ್ಯಾಲೂ ಬರೀತೀನಿ. ಆದ್ರ ಅಂವ ಕಸ ಚೆಲ್ಲಿದ ಅಂತ ನಾನೂ ಚೆಲ್ಲಿದ್ರ ಓಣಿ ಸ್ವಚ್ಛ ಆಗ್ತದೇನು?

"ಗಾಡಿ ಪಿಕಪ್ ಬೇಕಲ್ಲ ಮತ್ತ?"
ಏರ್ ಫಿಲ್ಟರ್ ಸ್ವಚ್ಛ ಮಾಡ್ಸು. ನಮ್ಮ ಹೊಲದ ದಾರಿ ಧೂಳಿಗೆ ಅದು ಬಲು ಬೇಗ ಕಟ್ಟಿಕೊಳ್ತದ. ಚೈನ್ ಬಿಗಿ ನೋಡು, ಎಣ್ಣಿ ಹಾಕು. ಪ್ಲಗ್ ನೋಡು, ಟೈರ್ ಗಾಳಿ ನೋಡು, ಟ್ಯಾಪೆಟ್ ಸೆಟ್ ಮಾಡ್ಸು. ಕಳೆದುಹೋದ ಪಿಕಪ್ ಅಲ್ಲೇ ಇರ್ತದ.

ಭಾಗ 8/8: ನಮ್ಮವ್ವನ ಮಾತು

ಕಂಪನಿ ಸೈಲೆನ್ಸರ್ ಹಾಕಿಸ್ಕೊಂಡು ಮನಿಗೆ ಬಂದೆ. ಅವ್ವ ಒಲಿ ಮುಂದ ಕುಂತಿದ್ದಳು. ನಾ ಬಾಗಿಲಿಗೆ ಬಂದು ನಿಂತ ಮ್ಯಾಲೇ ನೋಡಿ, "ಯಾವಾಗ ಬಂದಿ? ಸಪ್ಪಳೇ ಕೇಳಲಿಲ್ಲ" ಅಂದಳು.

ಪೈಪ್ ತೆಗೆಸಿದೆ ಅಂದೆ. ಆಕಿ ರೊಟ್ಟಿ ತಟ್ಟೋದು ನಿಲ್ಲಿಸಲಿಲ್ಲ. "ಚಲೋ ಮಾಡಿದಿ ಬಿಡು. ನೀ ಓಣಿಗೆ ಬಂದ್ರ ಕಟ್ಟಿ ಮ್ಯಾಲೆ ಕುಂತವರೆಲ್ಲಾ ನನ್ನ ಮುಖ ನೋಡ್ತಿದ್ರು. ಆಚಿ ಮನಿ ಬಾಣಂತಿ ಕೂಸು ಎದ್ದು ಅಳ್ತಿತ್ತು. ನಾ ಏನಂತ ಹೇಳ್ಲಿ?"

ಎಂಟು ತಿಂಗಳು ಆಕಿ ಇದನ್ನ ನನಗ ಹೇಳಿರಲಿಲ್ಲ. ಮಗನ ಖುಷಿ ಅಂತ ಸುಮ್ಮನಿದ್ದಳು. ಎಕನಾಮಿಕ್ಸ್‌ನಾಗ ಬಾಹ್ಯ ವೆಚ್ಚ ಅಂತ ಓದಿದ್ವಲ್ಲ, ಲಾಭ ಒಬ್ಬನಿಗೆ, ಖರ್ಚು ಬ್ಯಾರೆಯವರಿಗೆ. ನನ್ನ 9,600ರ ಖಾತೆಯೊಳಗ ಬರಿಯದೇ ಬಿಟ್ಟ ಕಲಮು ಇದು. ಇದನ್ನ ಕಟ್ಟಿದ್ದು ಅವ್ವ.

ಅದಕ್ಕ ಕೇಳ್ತೀನಿ. ನಿನ್ನ ಕಂಪನಿ ಸೈಲೆನ್ಸರ್ ಇನ್ನೂ ಅಟ್ಟದ ಮ್ಯಾಲಿದ್ರ ಈ ಭಾನುವಾರ ಇಳಿಸಿ ಹಾಕಿಸು. ಹೊಸದಾಗಿ ಪೈಪ್ ಹಾಕಿಸಬೇಕು ಅಂತಿದ್ರ ಮೊದಲು ಮನಿಯವರಿಗೆ ಕೇಳು. ಅಪ್ಪಗ ಕೇಳಬ್ಯಾಡ, ಅವ್ವಗ ಕೇಳು. ಅದೂ ಆಗಲ್ಲ ಅಂದ್ರ ಓಣಿ ಬಾಯಾಗ ಬಂದ ಕೂಡ್ಲೆ ಎಕ್ಸಲೇಟರ್ ಮ್ಯಾಲಿನ ಕೈ ಸಡಿಲ ಬಿಡು, ಅಷ್ಟಾದ್ರೂ ಮಾಡು.

ಬಯ್ಯೋರು ಕಾಮೆಂಟಿನಾಗ ಬೈರಿ. ಬದಲಿಸಿದವರು ಫೋಟೋ ಹಾಕಿ ನನಗ ಟ್ಯಾಗ್ ಮಾಡ್ರಿ, ಸ್ಟೋರಿಗೆ ಹಾಕ್ತೀನಿ. ಈ ಸಲ ಬೆಂಕಿ ಎಮೋಜಿ ನಂದು.

#ಕೊಹಿನೂರ #ಬಸವಕಲ್ಯಾಣ #ಹುಮನಾಬಾದ #ಕೆಎ56 #ಕಂಪನಿಸೈಲೆನ್ಸರ್ #ಓಣಿನೂನಮ್ದೇ