ಓಡಿಸುವ ಕೈ, ಬಿಚ್ಚುವ ಕೈ

ಶಿಕಾರಿಪುರ, ಸೊರಬಗಳಿಂದ ಕರಾವಳಿಗೆ ಸರಕು ಸಾಗಿಸುವ ಗಾಡಿಗಳು ಘಟ್ಟವನ್ನು ಇಳಿಯಲೇಬೇಕು. ಡೀಸೆಲ್ ಉಳಿಸುವ ಆಸೆಯಿಂದ ಕೆಲವು ಚಾಲಕರು ಇಳಿಜಾರಿನಲ್ಲಿ ಗೇರು ತಪ್ಪಿಸಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಹರಿಯಬಿಡುವುದುಂಟು. ಇದರಲ್ಲಿ ತಪ್ಪೇನು ಎಂದು ನಾವು ಒಂದು ದಿನ ತರಗತಿಯಲ್ಲಿ ಕೇಳಿದೆವು. ಶಕ್ತಿಸಂರಕ್ಷಣೆಯ ನಿಯಮವನ್ನು ಒಂದಕ್ಷರ ಬಿಡದೆ ಒಪ್ಪಿಸಬಲ್ಲ ವಿದ್ಯಾರ್ಥಿಗಳೆಲ್ಲ ಮೌನವಾಗಿ ಕುಳಿತರು. ಕೊನೆಯ ಬೆಂಚಿನ ಹುಡುಗನೊಬ್ಬ ಮಾತ್ರ ಎದ್ದು, "ಬ್ರೇಕು ಕಾದು ಹಿಡಿತ ಬಿಡ್ತದೆ ಸಾರ್. ಗೇರಲ್ಲಿದ್ರೆ ಇಂಜಿನ್ನೇ ತಡೀತದೆ" ಎಂದನು. ನಿನಗೆ ಹೇಗೆ ಗೊತ್ತೆಂದು ಕೇಳಿದಾಗ ತಲೆ ತಗ್ಗಿಸಿದನು. ರಜೆಯಲ್ಲಿ ತಾನು ಗ್ಯಾರೇಜಿನಲ್ಲಿ ದುಡಿಯುವುದನ್ನು ಗೆಳೆಯರೆದುರು ಹೇಳಿಕೊಳ್ಳಲು ಅವನಿಗೆ ನಾಚಿಕೆ.

ಆ ನಾಚಿಕೆಯನ್ನು ಕುರಿತೇ ನಾವು ಇಲ್ಲಿ ಎರಡು ಮಾತು ಹೇಳಬೇಕೆಂದಿದ್ದೇವೆ.

ಮೊದಲು ಅವನ ಉತ್ತರವನ್ನು ತೂಗಿ ನೋಡೋಣ. 3 ಟನ್ ತೂಕದ ಗಾಡಿ 100 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 29 ಲಕ್ಷ ಜೂಲ್‌ಗಳಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಗಾಡಿಯ ವೇಗ ಹೆಚ್ಚಬಾರದೆಂದರೆ ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಗೇರು ಹಾಕಿದ್ದರೆ ಅದರಲ್ಲಿ ದೊಡ್ಡ ಪಾಲನ್ನು ಇಂಜಿನ್ನು ಹೊರುತ್ತದೆ. ನ್ಯೂಟ್ರಲ್‌ನಲ್ಲಿ, ಗಾಳಿಯ ತಡೆ ಮುಂತಾದುವನ್ನು ಬಿಟ್ಟರೆ, ಉಳಿದುದೆಲ್ಲ ಬ್ರೇಕಿನಲ್ಲಿ ಉಷ್ಣವಾಗುತ್ತದೆ. ಅಷ್ಟು ಉಷ್ಣದಿಂದ 10 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಇದು ಕೇವಲ 100 ಮೀಟರ್ ಇಳಿತದ ಲೆಕ್ಕ. ಇಡೀ ಘಟ್ಟದ ಲೆಕ್ಕವನ್ನು ವಾಚಕರೇ ಹಾಕಿಕೊಳ್ಳಲಿ. ಇನ್ನು ಉಳಿತಾಯದ ಮಾತು: ಇಂದಿನ ಡೀಸೆಲ್ ಇಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಎಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನದ ಹರಿವೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿಯಾದರೋ ಇಂಜಿನ್ನು ನಿಲ್ಲದಿರಲು ಇಂಧನವನ್ನು ಸುಡುತ್ತಲೇ ಇರಬೇಕು. ಉಳಿತಾಯವೂ ಇಲ್ಲ, ಪ್ರಾಣಕ್ಕೂ ಅಪಾಯ.

ಘಟ್ಟದಲ್ಲಿ ನಮ್ಮ ಚಾಲಕನನ್ನು ಕಾಡುವ ಈ ಉಷ್ಣವೇ ಜಗತ್ತಿನ ಅತಿ ಪ್ರಸಿದ್ಧ ದೀರ್ಘ ಓಟದ ಪಂದ್ಯವನ್ನೂ ಕಾಡಿದೆ. ಫ್ರಾನ್ಸಿನ ಲ ಮಾನ್ ಪಟ್ಟಣದಲ್ಲಿ 1923ರಲ್ಲಿ ಆರಂಭವಾದ ಆ ಪಂದ್ಯದಲ್ಲಿ ಕಾರು 24 ಗಂಟೆಗಳ ಕಾಲ ಹಗಲಿರುಳು ಓಡಬೇಕು. ಚಾಲಕರು ಸರದಿಯಂತೆ ಬದಲಾಗುತ್ತಾರೆ. ಕಾರಿಗೆ ಮಾತ್ರ ಬದಲಿ ಇಲ್ಲ. ಮೊದಮೊದಲು ಕೆಟ್ಟ ಗಾಡಿಯನ್ನು ಚಾಲಕನೇ, ಗಾಡಿಯಲ್ಲಿ ಒಯ್ದ ಸಲಕರಣೆಗಳಿಂದಲೇ ಸರಿಪಡಿಸಬೇಕೆಂಬ ನಿಯಮವಿತ್ತು. ಓಡಿಸುವವನು ಬೇರೆ, ರಿಪೇರಿ ಮಾಡುವವನು ಬೇರೆ ಎಂಬ ಭೇದ ಆ ಪಂದ್ಯದ ಮೂಲದಲ್ಲಿಯೇ ಇರಲಿಲ್ಲ.

ಈ ಎರಡು ವಿದ್ಯೆಗಳನ್ನೂ ಒಂದೇ ಜೀವನದಲ್ಲಿ ಕೂಡಿಸಿದವರಲ್ಲಿ ಕೆನ್ ಮೈಲ್ಸ್ ಹೆಸರಾದವರು. 1918ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲಿಯೇ ಮೋಟಾರು ಕಾರ್ಖಾನೆಯೊಂದರಲ್ಲಿ ಕೆಲಸ ಕಲಿಯಲು ಸೇರಿದರು. ಅನಂತರ ಅಮೆರಿಕೆಗೆ ಹೋಗಿ, ಎಂ.ಜಿ. ಕಾರುಗಳ ದುರಸ್ತಿ ವಿಭಾಗವನ್ನು ನೋಡಿಕೊಳ್ಳುತ್ತ, ತಮ್ಮ ಕೈಯಿಂದಲೇ ಪಂದ್ಯದ ಕಾರನ್ನು ಕಟ್ಟಿ ಗೆದ್ದರು. 1963ರಲ್ಲಿ ಶೆಲ್ಬಿ ಅಮೆರಿಕನ್ ಸಂಸ್ಥೆಯನ್ನು ಸೇರಿ, ಫೋರ್ಡ್ ಜಿಟಿ ಕಾರನ್ನು ಪರೀಕ್ಷಿಸಿ ತಿದ್ದುವ ಕೆಲಸದಲ್ಲಿ ತೊಡಗಿದರು. 1966ರಲ್ಲಿ ಡೇಟೋನದ 24 ಗಂಟೆಗಳ ಪಂದ್ಯವನ್ನೂ ಸೆಬ್ರಿಂಗಿನ 12 ಗಂಟೆಗಳ ಪಂದ್ಯವನ್ನೂ ಗೆದ್ದು, ಲ ಮಾನ್‌ನಲ್ಲಿ ಎರಡನೆಯವರಾದರು.

ಆ ಕಾರಿಗೂ ಬ್ರೇಕೇ ದೊಡ್ಡ ತೊಡಕು. 1,200 ಕಿಲೊಗ್ರಾಂ ತೂಕದ ಕಾರು ಸೆಕೆಂಡಿಗೆ 90 ಮೀಟರ್ ವೇಗದಲ್ಲಿ ಬಂದು, ತಿರುವಿಗಾಗಿ 15 ಮೀಟರಿಗೆ ಇಳಿಯಬೇಕೆಂದು ಭಾವಿಸೋಣ. ಚಲನಶಕ್ತಿಯ ಸೂತ್ರದಂತೆ ಸುಮಾರು 47 ಲಕ್ಷ ಜೂಲ್‌ಗಳು ಕೆಲವೇ ಕ್ಷಣಗಳಲ್ಲಿ ಕಳೆಯಬೇಕು. ಅಂದರೆ ದೊಡ್ಡ ಕೊಡವೊಂದರ ನೀರು ಕುದಿಯುವಷ್ಟು ಉಷ್ಣ, ಪ್ರತಿ ಸುತ್ತಿನಲ್ಲಿಯೂ! ಬ್ರೇಕಿನ ತಟ್ಟೆಗಳು 24 ಗಂಟೆ ಬಾಳಲಾರವೆಂದು ಕಂಡಾಗ, ಅವುಗಳನ್ನು ಪಂದ್ಯದ ನಡುವೆಯೇ ಬೇಗ ಬದಲಿಸುವ ಉಪಾಯವನ್ನು ಆ ತಂಡ ಕಂಡುಕೊಂಡಿತು. ಸೂತ್ರ ಪುಸ್ತಕದಲ್ಲಿತ್ತು, ಉಪಾಯ ಹೊಳೆದದ್ದು ಕೈಗೆ ಎಣ್ಣೆ ಮೆತ್ತಿಕೊಂಡವರಿಗೆ.

ಅದೇ ವರ್ಷದ ಆಗಸ್ಟ್ 17ರಂದು ಹೊಸ ಕಾರೊಂದನ್ನು ಪರೀಕ್ಷಿಸುತ್ತಿದ್ದಾಗ ಮೈಲ್ಸ್ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 47 ವರ್ಷ. ಅವರ ಮರಣದ ಬಳಿಕ ಆ ಕಾರಿಗೆ ಒಳಗಿನಿಂದ ಉಕ್ಕಿನ ಚೌಕಟ್ಟನ್ನು ಸೇರಿಸಿ ಭದ್ರಪಡಿಸಲಾಯಿತು. ಹಾಗೆ ತಿದ್ದಿದ ಕಾರೇ 1967ರಲ್ಲಿ ಲ ಮಾನ್ ಗೆದ್ದಿತು. ಈ ವೃತ್ತಿಯ ಬೆಲೆಯನ್ನು ನಾವು ಮರೆಮಾಡುವುದಿಲ್ಲ. ಶಿರಾಳಕೊಪ್ಪದ ರಸ್ತೆಯಲ್ಲಿ ಬೈಕನ್ನು ಹಾರಿಸುವ ತರುಣರು ಇದನ್ನು ನೆನಪಿಡಲಿ. ವೇಗಕ್ಕೆಂದೇ ಕಟ್ಟಿದ ಜಾಗದಲ್ಲಿ, ಎಲ್ಲ ಎಚ್ಚರಿಕೆಯ ನಡುವೆಯೂ ನಿಪುಣನ ಪ್ರಾಣ ಹೋಯಿತು. ಊರಿನ ರಸ್ತೆ ಪಂದ್ಯದ ಜಾಗವಲ್ಲ.

ಇದೆಲ್ಲ ಪರದೇಶದ ಕಥೆಯೆಂದು ಯಾರೂ ತಳ್ಳಿಹಾಕಬೇಕಾಗಿಲ್ಲ. 2012ರಲ್ಲಿ ಚೆನ್ನೈನ ಕರುಣ್ ಚಾಂಧೋಕ್ ಲ ಮಾನ್‌ನಲ್ಲಿ ಓಡಿದ ಮೊದಲ ಭಾರತೀಯರಾದರು. 2019ರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಅಲ್ಲಿ ಸ್ಪರ್ಧಿಸಿದರು. ಅದೇ ಮನೆತನದ ಚೇತನ್ ಮೈನಿ, 2001ರಲ್ಲಿ ಮಾರುಕಟ್ಟೆಗೆ ಬಂದ 'ರೇವಾ' ವಿದ್ಯುತ್ ಕಾರನ್ನು ರೂಪಿಸಿದವರು. ಕಟ್ಟುವ ವಿದ್ಯೆಯೂ ಓಡಿಸುವ ವಿದ್ಯೆಯೂ ಒಂದೇ ಮನೆಯಲ್ಲಿ ಬೆಳೆದುದಕ್ಕೆ ಇದೊಂದು ನಿದರ್ಶನ.

ಹಣವಂತರಿಗೆ ಅದು ಸಾಧ್ಯ, ಶಿಕಾರಿಪುರದ ರೈತನ ಮಗನಿಗೆಲ್ಲಿ ಸಾಧ್ಯವೆಂದು ಕೆಲವರು ಕೇಳಬಹುದು. ಆ ಮಾತಿನಲ್ಲಿ ಹುರುಳಿದೆ. ಮೋಟಾರು ಪಂದ್ಯ ದುಬಾರಿಯಾದುದು. ಚಾಲಕನ ಆಸನ ಎಲ್ಲರಿಗೂ ದೊರೆಯಲಾರದು. ಆದರೆ ಯಂತ್ರವನ್ನು ಬಿಚ್ಚಿ ಅರಿಯುವ ವಿದ್ಯೆಗೆ ಅಷ್ಟು ಹಣ ಬೇಕಾಗಿಲ್ಲ. 2007ರಿಂದ ನಮ್ಮ ದೇಶದಲ್ಲಿ ನಡೆದುಬಂದಿರುವ ಬಾಹಾ ಸ್ಪರ್ಧೆಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ವಿನ್ಯಾಸ ಮಾಡಿ, ತಾವೇ ಕಟ್ಟಿದ ಗಾಡಿಯನ್ನು ಒರಟು ನೆಲದಲ್ಲಿ 4 ಗಂಟೆಗಳ ಕಾಲ ಓಡಿಸುತ್ತಾರೆ. ನಡುವೆ ಕೆಟ್ಟರೆ ತಾವೇ ಸರಿಪಡಿಸುತ್ತಾರೆ. ಅಂಥ ತಂಡಕ್ಕೆ ನಮ್ಮ ಕೊನೆಯ ಬೆಂಚಿನ ಹುಡುಗನಿಗಿಂತ ಯೋಗ್ಯನು ಯಾರು?

ಆದುದರಿಂದ ನಮ್ಮ ಸಲಹೆ ಇಷ್ಟೆ. ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಲೋಲಕದ ಪಕ್ಕದಲ್ಲಿ ಒಂದು ಹಳೆಯ ಇಂಜಿನ್ನೂ ಒಂದು ಬ್ರೇಕೂ ಇರಲಿ. ವರ್ಷಕ್ಕೆ ಒಂದೆರಡು ದಿನ ಊರಿನ ಅನುಭವಿ ಮೆಕ್ಯಾನಿಕರನ್ನು ಗೌರವದಿಂದ ಕರೆಸಿ ಅವರಿಂದ ಪಾಠ ಹೇಳಿಸೋಣ. ಕೆಡುವ ಮುನ್ನ ಇಂಜಿನ್ನಿನ ಸದ್ದು ಹೇಗೆ ಬದಲಾಗುವುದೆಂದು ಅವರ ಕಿವಿಗೆ ಗೊತ್ತು. ಏಕೆ ಬದಲಾಗುವುದೆಂದು ವಿವರಿಸುವ ಹೊಣೆ ನಮ್ಮದು. ಅಲ್ಲಮ, ಅಕ್ಕಮಹಾದೇವಿಯರು ಹುಟ್ಟಿದ ತಾಲ್ಲೂಕು ನಮ್ಮದು. ಕಾಯಕಕ್ಕೆ ಮನ್ನಣೆ ಕೊಟ್ಟ ಶರಣರನ್ನು ಸಭೆಗಳಲ್ಲಿ ಹೊಗಳಿ, ಗ್ಯಾರೇಜಿನಲ್ಲಿ ದುಡಿಯುವ ವಿದ್ಯಾರ್ಥಿ ತಲೆ ತಗ್ಗಿಸುವಂತೆ ಮಾಡಿದರೆ ಆ ಹೊಗಳಿಕೆಗೆ ಏನು ಬೆಲೆ?

ಆ ಹುಡುಗನಿಗೆ ಮರುದಿನ ನಾವು ಸೀಮೆಸುಣ್ಣವನ್ನು ಕೊಟ್ಟು ಹಲಗೆಯ ಬಳಿಗೆ ಕರೆದೆವು. ಬ್ರೇಕಿನ ಚಿತ್ರವನ್ನು ಅವನು ಬರೆದನು, ಸಮೀಕರಣವನ್ನು ನಾವು ಬರೆದೆವು. ಅಂದು ಯಾರೂ ಮೌನವಾಗಿ ಕುಳಿತಿರಲಿಲ್ಲ.