ಶನಿವಾರದ ಬಸ್ಸು



ನಮ್ಮ ಧರ್ಮಕೇಂದ್ರದ ಹುಡುಗನೊಬ್ಬ ಹಿಂದೂಪುರದಲ್ಲಿ ಓದುತ್ತಿದ್ದಾನೆ. ರಜೆಗೆ ಬಂದಾಗ ಅವನು ಹೇಳಿದ ಸಂಗತಿಯಿದು.

ಅವನ ಜೊತೆಗಾರ ಕಲ್ಯಾಣದುರ್ಗದವನು. ಎರಡು ವಾರ ಕಾಲೇಜಿಗೆ ಬರಲಿಲ್ಲ. ಫೋನ್ ಮಾಡಿದರೆ, "ಊರಲ್ಲಿ ಸ್ವಲ್ಪ ಕೆಲಸ, ಬರ್ತೀನಿ" ಎಂಬ ಒಂದೇ ಉತ್ತರ. ಶನಿವಾರ ಇವನು ಬಸ್ಸು ಹತ್ತಿದ. ಮಡಕಶಿರಾ, ಆಮೇಲೆ ನಮ್ಮ ಕರ್ನಾಟಕದ ಪಾವಗಡ, ಅದನ್ನು ದಾಟಿದರೆ ಮತ್ತೆ ಆಂಧ್ರ.

ಗೆಳೆಯನ ಮನೆಗೆ ಬೀಗ. ಪಕ್ಕದವರು ಆಸ್ಪತ್ರೆಯ ದಾರಿ ತೋರಿಸಿದರು. ಸ್ಪೇನ್ ದೇಶದವರಾದರೂ 1969ರಲ್ಲಿ ಅನಂತಪುರಕ್ಕೆ ಬಂದು, 2009ರಲ್ಲಿ ಅಲ್ಲೇ ಕಣ್ಮುಚ್ಚಿದ ವಿನ್ಸೆಂಟ್ ಫೆರರ್ ಅವರ ಸಂಸ್ಥೆ ಕಟ್ಟಿದ ಆಸ್ಪತ್ರೆ ಅದು. ಗೆಳೆಯನ ತಾಯಿ ಅಲ್ಲಿ ಮಲಗಿದ್ದರು. ಮಳೆಯಿಲ್ಲದೆ ತಂದೆಯ ಕಡಲೆಕಾಯಿ ಬೆಳೆ ಒಣಗಿತ್ತು. ಹುಡುಗ ಓದು ಬಿಡಲು ತೀರ್ಮಾನಿಸಿಬಿಟ್ಟಿದ್ದ.

"ನೀನೇನು ಹೇಳಿದೆಯಪ್ಪ?" ಎಂದು ಕೇಳಿದೆ.

"ಏನೂ ಹೇಳಲಿಲ್ಲ ಸ್ವಾಮಿ. ರಾತ್ರಿ ವಾರ್ಡಿನ ಬಾಗಿಲಲ್ಲಿ ನಾನು ಕೂತೆ, ಅವನು ಮಲಗಿದ. ಎಷ್ಟೋ ದಿನದಿಂದ ಅವನಿಗೆ ನಿದ್ದೆಯೇ ಇರಲಿಲ್ಲ."

ಭಾನುವಾರ ಇವನು ಹೊರಟಾಗ ಗೆಳೆಯ ತಾನಾಗಿಯೇ ನೋಟ್ಸ್ ಕೇಳಿದನಂತೆ. ತಾಯಿ ಮನೆಗೆ ಬಂದ ಮೇಲೆ ಪರೀಕ್ಷೆಗೂ ಬಂದು ಕೂತನಂತೆ. ಫೀಸಿನ ಚಿಂತೆ ಇನ್ನೂ ಇದೆ. ಆದರೆ ಈಗ ಅದನ್ನು ಹೇಳಿಕೊಳ್ಳಲು ಒಬ್ಬನಿದ್ದಾನೆ.

ಪರಊರಲ್ಲಿ ಓದುವ ಮಕ್ಕಳು "ಚೆನ್ನಾಗಿದ್ದೀನಿ" ಎಂದರೆ ನಾವು ನಂಬಿ ಫೋನ್ ಇಡುತ್ತೇವೆ. ತಂದೆತಾಯಿಗಳೇ, ಈ ತಿಂಗಳು ಒಮ್ಮೆ ಹೋಗಿ ನೋಡಿ ಬನ್ನಿ. ಆಗದಿದ್ದರೆ, ಅವರ ಗೆಳೆಯರು ಯಾರೆಂದಾದರೂ ಕೇಳಿ ತಿಳಿದುಕೊಳ್ಳಿ. ಆ ಗೆಳೆಯರು ರಜೆಯಲ್ಲಿ ನಿಮ್ಮ ಮನೆಗೆ ಬಂದರೆ, ಒಂದು ಹೊತ್ತು ಊಟಕ್ಕೆ ಕೂರಿಸಿ.