ಕೃಪೆ ಹಾಡುವ ಬಾಯಿ, ಕೊಡ ತಳ್ಳುವ ಕೈ



ಕಳೆದ ಬೇಸಿಗೆಯಲ್ಲಿ ನಮ್ಮ ಲೈನಿನ ಒಂದು ಮನೆಯಲ್ಲಿ ರಾತ್ರಿ ಪ್ರಾರ್ಥನೆ ಇತ್ತು. ಓದಿದ್ದು 136ನೆಯ ಕೀರ್ತನೆ. ಅದರ 26 ವಚನಗಳಲ್ಲಿ ಪ್ರತಿಯೊಂದೂ ದೇವರ ಕೃಪೆಗೆ ಕೊನೆಯಿಲ್ಲವೆಂದು ಹೇಳಿಯೇ ಮುಗಿಯುತ್ತದೆ. ನಾವೂ 26 ಸಲ ಹೇಳಿದೆವು. ಬೆಳಗಾದ ಮೇಲೆ ಅದೇ ಬಾಯಿಗಳು ನಲ್ಲಿಯ ಬಳಿ ಬೇರೆ ಹಾಡು ತೆಗೆದವು. ಜಾರ್ಖಂಡದಿಂದ ಬಂದ ಒಬ್ಬ ಹೆಣ್ಣುಮಗಳು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಸಾಲಿನಲ್ಲಿ ಕೊಡ ಇಟ್ಟಿದ್ದಳು. “ಮೊದಲು ನಮ್ಮವರದು ತುಂಬಲಿ, ಹಿಂದಿಯವರದು ಆಮೇಲೆ” ಎಂದು ಆ ಕೊಡವನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದರು. ನಾನೂ ಅಲ್ಲೇ ಇದ್ದೆ. ನನ್ನ ಕೊಡ ತುಂಬಿಸಿಕೊಂಡು ಸುಮ್ಮನೆ ಬಂದೆ. ಆದ್ದರಿಂದ ಇಲ್ಲಿ ಬೈಯುವುದೆಲ್ಲ ನನ್ನನ್ನೂ ಸೇರಿಸಿಯೇ.

ನಮ್ಮ ಸತ್ಯವೇದದಲ್ಲಿ ಕೃಪೆ ಎಂದು ಓದುವಲ್ಲಿ ಇಬ್ರಿಯ ಭಾಷೆಯಲ್ಲಿರುವುದು ‘ಹೆಸೆದ್’ ಎಂಬ ಮಾತು. ಬರೀ ಮರುಕವಲ್ಲ ಅದು. ಕೈಬಿಡದ ಪ್ರೀತಿ, ಕೊಡಬೇಕಾದದ್ದಕ್ಕಿಂತ ಹೆಚ್ಚು ಕೊಡುವ ಪ್ರೀತಿ. ಇದನ್ನು ತಿಳಿಯಲು ಪಟ್ಟಣದಿಂದ ದೊಡ್ಡ ಬೋಧಕರು ಬರಬೇಕಾಗಿಲ್ಲ. ನಾಲ್ಕೇ ಅಧ್ಯಾಯದ ರೂತಳ ಪುಸ್ತಕ ಸಾಕು. ಅದು ಕೂಲಿಯವರ ಪುಸ್ತಕ. ಬರಗಾಲಕ್ಕೆ ಊರು ಬಿಟ್ಟ ಸಂಸಾರ, ತೀರಿಹೋದ ಗಂಡಸರು, ವಿಧವೆಯರಾದ ಅತ್ತೆ ಸೊಸೆ, ಪರರ ಹೊಲದಲ್ಲಿ ಹಕ್ಕಲಾಯುವ ಬದುಕು.

ರೂತಳು ಮೋವಾಬ್ಯಳು. ಧರ್ಮೋಪದೇಶಕಾಂಡದ 23ನೆಯ ಅಧ್ಯಾಯ ತೆಗೆದು ನೋಡಿರಿ, ಮೋವಾಬ್ಯರನ್ನು ಸಭೆಗೆ ಸೇರಿಸಬಾರದೆಂದಿದೆ. ಮೊದಲ ಕಾರಣ ಏನು ಗೊತ್ತೇ? ಐಗುಪ್ತದಿಂದ ದಣಿದು ಬರುತ್ತಿದ್ದವರಿಗೆ ಅವರು ದಾರಿಯಲ್ಲಿ ಅನ್ನ ನೀರು ತಂದುಕೊಡಲಿಲ್ಲ! ಅಂಥ ಕುಲದವಳಿಗೆ ಬೋವಜನು ಏನು ಹೇಳಿದನು? ಬಾಯಾರಿದರೆ ಆಳುಗಳು ತುಂಬಿಟ್ಟ ಪಾತ್ರೆಗಳಿಂದಲೇ ಕುಡಿ ಎಂದನು. ಉಣ್ಣುವ ಹೊತ್ತಿಗೆ ಕೊಯ್ಯುವವರ ಸಾಲಿನಲ್ಲೇ ಕೂರಿಸಿ ಹುರಿದ ಕಾಳು ಕೊಟ್ಟನು. ಸಿವುಡುಗಳಿಂದ ತೆನೆಗಳನ್ನು ಬೇಕೆಂದೇ ಎಳೆದು ಬಿಡಿರಿ, ಅವಳನ್ನು ಗದರಿಸಬೇಡಿರಿ ಎಂದು ಆಳುಗಳಿಗೆ ಅಪ್ಪಣೆ ಮಾಡಿದನು. ಹಳೆಯ ಲೆಕ್ಕ ತೆಗೆಯಲಿಲ್ಲ. ದೇವರ ಕೈ ತನಗೆ ವಿರೋಧವಾಗಿದೆ ಎಂದು ಗೋಳಾಡಿದ್ದ ನೊವೊಮಿ, ಆ ಸಂಜೆ ಸೊಸೆ ಹೊತ್ತು ತಂದ ಜವೆಗೋದಿಯನ್ನು ಕಂಡೇ ಆತನ ಕೃಪೆ ಇನ್ನೂ ಬತ್ತಿಲ್ಲವೆಂದಳು. ಪ್ರಸಂಗ ಕೇಳಿ ಅಲ್ಲ, ಕಾಳು ಕಂಡು. ಹಾಗಾದರೆ ನಮ್ಮ ನಲ್ಲಿಯ ಬಳಿ ನಿಂತ ಆ ಹೆಣ್ಣುಮಗಳು ನಮ್ಮ ದೇವರ ವಿಷಯವಾಗಿ ಏನು ತಿಳಿದುಕೊಂಡಿರಬೇಕು?

ಇದನ್ನು ಎತ್ತಿದಾಗ ಸಭೆಯ ಹಿರಿಯರೊಬ್ಬರು, “ನೋಡಮ್ಮಾ, ಇವರು ಕಂಟ್ರಾಕ್ಟರನ ಕೈಕೆಳಗೆ ಕಡಿಮೆ ಕೂಲಿಗೆ ಬರುತ್ತಾರೆ. ನಾಳೆ ನಮ್ಮ ಮಕ್ಕಳಿಗೆ ಹಾಜರಿ ಸಿಕ್ಕುವುದಿಲ್ಲ” ಎಂದರು. ಈ ಭಯ ಸುಳ್ಳಲ್ಲ. ನನಗೂ ಇದೆ. ಆದರೆ ಕಡಿಮೆ ಕೂಲಿ ಗೊತ್ತುಮಾಡಿದ್ದು ಆ ಕೂಸಿನ ತಾಯಿಯೇ? ನಲ್ಲಿಯಿಂದ ದೂರ ತಳ್ಳಿದವಳು ಯೂನಿಯನ್ನಿಗೂ ಬರುವುದಿಲ್ಲ. ಒಬ್ಬಂಟಿಯಾಗಿ ಕಂಟ್ರಾಕ್ಟರನು ಕೊಟ್ಟಷ್ಟಕ್ಕೆ ಕೈಯೊಡ್ಡುತ್ತಾಳೆ. ಅದರಿಂದ ಲಾಭ ಯಾರಿಗೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಅದೇ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕೆಂಬ ಕಟ್ಟಳೆ ಇದೆ; ಸ್ವಜನರಿಗೂ ಪರದೇಶದವರಿಗೂ ಒಂದೇ ಕಟ್ಟಳೆ.

ನಾವೇನು ಈ ಬೆಟ್ಟದಲ್ಲೇ ಮೊಳೆತವರೇ? ನಮ್ಮ ಅಜ್ಜ ಅಜ್ಜಿಯರು ಮೇಸ್ತ್ರಿಯ ಮುಂಗಡ ಹಣ ತೀರಿಸಲು ಘಟ್ಟ ಹತ್ತಿದವರು. ಅವರ ಮಾತು ಕೇಳಿಯೂ ಆಗ ಯಾರೋ ನಕ್ಕಿರಬೇಕು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದವಾದ ಮೇಲೆ ಸಿಲೋನಿನಿಂದ ತಮಿಳು ಕುಟುಂಬಗಳು ಬಂದವು. ಅವರಿಗೆ ಕೆಲಸ ಕೊಡಲೆಂದು ತಮಿಳುನಾಡು ಸರ್ಕಾರ 1968ರಲ್ಲಿ ನೀಲಗಿರಿಯಲ್ಲಿ ಚಹಾ ತೋಟ ಎಬ್ಬಿಸತೊಡಗಿತು. “ಸಿಲೋನಿನವರು” ಎಂದು ಮೂಗು ಮುರಿದಿದ್ದೆವು. ಈಗ ಅವರ ಮೊಮ್ಮಕ್ಕಳ ಮದುವೆಗೆ ನಾವೇ ಅಡಿಗೆ ಮಾಡುತ್ತೇವೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಇಳಿದು ಬಂದಾಗ ಮಣ್ಣು ಯಾರ ಭಾಷೆಯನ್ನೂ ವಿಚಾರಿಸಲಿಲ್ಲ.

ಅಂದು ರಾತ್ರಿ ನಿದ್ದೆಗಣ್ಣಿನಲ್ಲಿ ನಾವು ದಾಟಿಬಿಟ್ಟ 25ನೆಯ ವಚನದಲ್ಲಿ, ದೇವರು ಆಹಾರ ಕೊಡುವುದು ಜೀವವುಳ್ಳ ಎಲ್ಲವಕ್ಕೂ ಎಂದಿದೆ. ಹಿಂದಿಯವರನ್ನು ಬಿಟ್ಟು ಎಂದಿಲ್ಲ.

ನಲ್ಲಿಯ ಸಾಲಿನಲ್ಲಿ ಮೊದಲು ಬಂದವರಿಗೆ ಮೊದಲು ನೀರು ಎಂದು ಲೈನಿನ ಹೆಂಗಸರು ಈಗ ಒಪ್ಪಿದ್ದಾರೆ. ಆ ಜನರನ್ನು ಯೂನಿಯನ್ನಿಗೆ ಸೇರಿಸುವ ಮಾತನ್ನು ಗಂಡಸರು ಇನ್ನೂ ಒಪ್ಪಿಲ್ಲ. ಬರುವ ತಿಂಗಳ ಕೂಟದಲ್ಲಿ ಅದನ್ನು ಮತ್ತೆ ಎತ್ತುತ್ತೇನೆ. ಆ ಹೆಣ್ಣುಮಗಳನ್ನೂ ಕರೆದಿದ್ದೇನೆ. ಅವಳಿಗೆ ಕನ್ನಡ ಬಾರದು, ನನಗೆ ಹಿಂದಿ ಬಾರದು. ಶಾಲೆಗೆ ಹೋಗುವ ನನ್ನ ಮೊಮ್ಮಗಳು ನಡುವೆ ಕೂತು ಹೇಳುತ್ತಾಳೆ.